ಲಗೇಜ್ ಗಾಡಿ ಕಥೆಗಳು, ಭಾಗ 7: ಪ್ಲಗ್ಗು ಹಾರಿತು

"ಲಾರಿಗೆಲ್ಲಿಂದ ಬಂತು ಸ್ಪಾರ್ಕ್ ಪ್ಲಗ್ಗು?" ಅಂತ ಕೇಳೋರು ಸರಿಯಾಗೇ ಕೇಳ್ತಾರೆ. ತಿಪಟೂರು ಎಪಿಎಂಸಿಗೆ ಬರೋ ದೊಡ್ಡ ಲಾರಿಗಳೆಲ್ಲ ಡೀಸೆಲ್ಲು. ಅದರಲ್ಲಿ ಗಾಳಿಯನ್ನ ಒತ್ತಿ ಕಾಯಿಸಿದರೆ ಆ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತೆ, ಕಿಡಿ ಬೇಕಿಲ್ಲ. ಆದರೆ ತೋಟದ ಒಳದಾರಿಗೆ ನುಗ್ಗಿ, ಮನೆ ಜಗುಲಿಗೇ ಹಿಂಬದಿ ಕೊಟ್ಟು ಕೊಬ್ಬರಿ ತುಂಬಿಸಿಕೊಳ್ಳೋ ಸಣ್ಣ ಟ್ರಕ್ಕುಗಳಲ್ಲಿ ಪೆಟ್ರೋಲು, ಸಿಎನ್‌ಜಿ ಬೇಕಾದಷ್ಟಿವೆ. ನಮ್ಮದು ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಗಾಡಿ. ನಾಲ್ಕು ಸಿಲಿಂಡರು, ನಾಲ್ಕು ಪ್ಲಗ್ಗು.

ಅವತ್ತು ಚಿಕ್ಕನಾಯಕನಹಳ್ಳಿ ಕಡೆಯಿಂದ ಲೋಡು. ಒಬ್ಬ ಅಜ್ಜಿಯದು. ಉಂಡೆ ಕೊಬ್ಬರಿ ಅಂದರೆ ಗೊತ್ತಲ್ಲ, ಕಾಯನ್ನ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಕಾಯಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಡಲೊಡ ಅನ್ನಬೇಕು. ಆಮೇಲೆ ಸಿಪ್ಪೆ ಸುಲಿದು, ಚಿಪ್ಪು ಒಡೆದು, ಮೂಟೆ. ಅಂದರೆ ನನ್ನ ಗಾಡಿ ಹಿಂದೆ ಕೂತಿದ್ದು ಅವರ ಒಂದು ವರ್ಷ. ಅಜ್ಜಿ ಕ್ಯಾಬಿನ್ನಲ್ಲಿ ನನ್ನ ಪಕ್ಕ. ಮೋಡ ಬೇರೆ ಕಟ್ಟಿತ್ತು.

ಕೆ.ಬಿ. ಕ್ರಾಸ್ ಇನ್ನೇನು ಹತ್ತಿರ ಅನ್ನುವಾಗ ಎಂಜಿನ್ನಿಂದ ಪುಸ್ ಪುಸ್ ಅಂತ ಸದ್ದು ಶುರುವಾಯ್ತು. ಸೈಡಿಗೆ ಹಾಕೋಷ್ಟರಲ್ಲಿ ಢಂ! ಟೈರ್ ಹೋಯ್ತು ಅಂದುಕೊಂಡೆ. ನಾಲ್ಕು ಟೈರೂ ಸರಿಯಿದ್ದವು. ಸೀಟು ಎತ್ತಿ ನೋಡಿದರೆ ಮೂರನೇ ಪ್ಲಗ್ಗು ಜಾಗದಲ್ಲಿಲ್ಲ. ಕಾಯಿಲ್ ಸಮೇತ ಮೇಲೆ ಹಾರಿ ಓರೆಯಾಗಿ ಬಿದ್ದಿತ್ತು, ದಾರದ ಸಂದಿಯಲ್ಲಿ ಅಲ್ಯೂಮಿನಿಯಂ ಸುರುಳಿ ಸಿಕ್ಕಿಕೊಂಡಿತ್ತು. (ಎರಡನೇ ಫೋಟೋ ನೋಡಿ.)

ಆಗೋದು ಹೀಗೆ. ಪ್ಲಗ್ಗು ಉಕ್ಕು, ಹೆಡ್ಡು ಅಲ್ಯೂಮಿನಿಯಂ. ಯಾರೋ ಯಾವತ್ತೋ ಜಾಸ್ತಿ ಬಿಗಿದರೆ ಮೆತ್ತಗಿರೋ ಹೆಡ್ಡಿನ ದಾರ ಹರಿಯುತ್ತೆ. ಕಮ್ಮಿ ಬಿಗಿದರೆ ಸಂದಿಯಲ್ಲಿ ಬಿಸಿ ಗ್ಯಾಸು ನುಸುಳಿ ದಾರವನ್ನ ತಿನ್ನುತ್ತೆ. ಕೊನೆಗೆ ಒಳಗಿನ ಒತ್ತಡವೇ ಅದನ್ನ ಉಗಿಯುತ್ತೆ. ಅಮೆರಿಕದಲ್ಲಿ ಫೋರ್ಡ್ ಕಂಪನಿಯ ಟ್ರೈಟನ್ ವಿ-8 ಎಂಜಿನ್ನುಗಳು ಇದಕ್ಕೇ ಹೆಸರುವಾಸಿ, ಹೆಡ್ಡಿನಲ್ಲಿ ಪ್ಲಗ್ಗು ಕಚ್ಚೋಕೆ ದಾರವೇ ಕಮ್ಮಿ.

"ಮೂರು ಸಿಲಿಂಡರಲ್ಲೇ ತಿಪಟೂರಿಗೆ ಎಳ್ಕೊಂಡು ಹೋಗಣ್ಣ" ಅಂತ ದಾರಿಹೋಕರು ಸಲಹೆ ಕೊಟ್ಟರು. ಬೇಡವೇ ಬೇಡ. ಆ ಸಿಲಿಂಡರಿಗೂ ಪೆಟ್ರೋಲು ಸಿಂಪಡಣೆ ಆಗ್ತಾನೇ ಇರುತ್ತೆ, ತೂತಿನಿಂದ ಬಿಸಿ ಎಂಜಿನ್ ಮೇಲೆಲ್ಲ ಹಾರುತ್ತೆ. ಒಂದು ಕಿಡಿ ಸಾಕು. ಹಿಂದೆ ಇರೋದು ಎಣ್ಣೆ ತುಂಬಿದ ಕೊಬ್ಬರಿ. ಟ್ರ್ಯಾಕ್ಟರ್‌ನವನೊಬ್ಬ ಮೂಟೆ ಸಾಗಿಸಿ ಕೊಡ್ತೀನಿ ಅಂದ. ಅವನ ಹತ್ರ ಟಾರ್ಪಾಲ್ ಇರಲಿಲ್ಲ. ಅಜ್ಜಿ ಮೋಡ ನೋಡಿದರು, ಟ್ರ್ಯಾಕ್ಟರ್ ನೋಡಿದರು. "ನೆಂದ್ರೆ ಕಪ್ಪಾಯ್ತದೆ. ಕೂತ್ಕೋತೀನಿ ಬುಡು" ಅಂದರು.

ಕ್ರಾಸಿನಿಂದ ಬೈಕಲ್ಲಿ ಬಂದ ಮೆಕ್ಯಾನಿಕ್ ತೂತಿಗೆ ಬೆರಳಿಟ್ಟು ಸವರಿದ. ಹೆಡ್ಡು ಇಳಿಸಿದರೆ ನನ್ನ ಎರಡು ತಿಂಗಳ ಕಂತು ಅಲ್ಲೇ ಹೋಗುತ್ತೆ. "ಇಳಿಸೋದು ಬ್ಯಾಡ, ಬುಷ್ ಕೂರಿಸ್ತೀನಿ" ಅಂದ. ಮೊದಲು ಆ ಇಂಜೆಕ್ಟರಿನ ಸಾಕೆಟ್ ಕಿತ್ತ. ಕ್ರ್ಯಾಂಕನ್ನ ಕೈಯಲ್ಲೇ ತಿರುಗಿಸಿ, ವಾಲ್ವುಗಳು ಮುಚ್ಚಿರೋ ಹಾಗೆ ನಿಲ್ಲಿಸಿದ. ಟ್ಯಾಪಿನ ಗಾಡಿಗಳಿಗೆಲ್ಲ ಗ್ರೀಸ್ ಮೆತ್ತಿ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಆಗಾಗ ಹೊರಗೆ ತೆಗೆದು ಒರೆಸಿ, ಮತ್ತೆ ಗ್ರೀಸು. ಸಣ್ಣ ಪುಡಿ ಗ್ರೀಸಿಗೆ ಅಂಟಿ ಮೇಲೆ ಬರಬೇಕು. ಒಳಗೆ ಬಿದ್ದರೆ ಮ್ಯಾಗ್ನೆಟ್ ಇಟ್ಟು ತೆಗೆಯೋಣ ಅಂದ್ರೆ ಆಗಲ್ಲ, ಅಲ್ಯೂಮಿನಿಯಂ ಮ್ಯಾಗ್ನೆಟ್ಟಿಗೆ ಬರಲ್ಲವಲ್ಲ. ಕೊನೆಗೆ ಎಲ್ಲಾ ಇಂಜೆಕ್ಟರು, ಕಾಯಿಲ್ ಸಾಕೆಟ್ ತೆಗೆದು, ತೂತಿನ ಮೇಲೆ ಬಟ್ಟೆ ಹಿಡಿದು ಸೆಲ್ಫ್ ಹೊಡೆಸಿದ. ಬಟ್ಟೆ ಮೇಲೆ ಎರಡೇ ಎರಡು ಚೂರು ಮಿನುಗಿದವು.

ತಂತಿ ಸುರುಳಿ ಥರದ ಹೆಲಿಕಾಯಿಲ್ ಕೂಡ ಸಿಗುತ್ತೆ, ಅಗ್ಗ. ಅವನು ಹಾಕಿದ್ದು ಗಟ್ಟಿ ಉಕ್ಕಿನ ಬುಷ್. ಇಷ್ಟು ಹರಿದಿರೋ ತೂತಿಗೆ ಅದೇ ಸರಿ ಅಂತ ನನ್ನ ಅನಿಸಿಕೆಯೂ. ಬಿಸಿ ತಡೆಯೋ ಅಂಟು ಹಚ್ಚಿ ಕೂರಿಸಿದ ಮೇಲೆ ಟಾರ್ಚ್ ಹಾಕಿ ಮೂರು ಸಲ ನೋಡಿದ. ಬುಷ್ ಕೆಳಗೆ ಚಾಚಿಕೊಂಡರೆ ಅದರ ತುದಿ ಕೆಂಪಗೆ ಕಾದು, ಕಿಡಿ ಬರೋ ಮುಂಚೆಯೇ ಪೆಟ್ರೋಲು ಹೊತ್ತಿಕೊಳ್ಳುತ್ತೆ. ಮೇಲೆ ಉಳಿದರೆ ವಾಷರ್ ಕೂರಲ್ಲ.

ಅಂಟು ಒಣಗಲಿ ಅಂತ ಒಂದು ಗಂಟೆ ಕಾದೆವು. ಮಳೆ ಬಂತು. ನಮ್ಮ ಟಾರ್ಪಾಲ್ ತಡೆಯಿತು.

ಹೊಸ ಪ್ಲಗ್ಗು ಪೂರ್ತಿ ಕೈಯಲ್ಲೇ ತಿರುಗಿಸಿ, ವಾಷರ್ ತಾಗಿದ ಮೇಲೆ ಪಾನಾದಲ್ಲಿ ಅರ್ಧ ಸುತ್ತು, ಇನ್ನೊಂದೀಟು. ಟಾರ್ಕ್ ರೆಂಚ್ ಇದ್ದರೆ 14 ಎಂ.ಎಂ. ವಾಷರ್ ಪ್ಲಗ್ಗಿಗೆ ಸುಮಾರು 25 ನ್ಯೂಟನ್ ಮೀಟರ್. ದಾರಕ್ಕೆ ಗ್ರೀಸು ಹಚ್ಚಬೇಡಿ, ಜಾರಿಕೊಂಡು ಗೊತ್ತಿಲ್ಲದೆ ಜಾಸ್ತಿ ಬಿಗಿಯುತ್ತೆ. ಎಂಜಿನ್ ತಣ್ಣಗಿರುವಾಗಲೇ ಹಾಕಿ.

ಎಪಿಎಂಸಿ ತಲುಪಿದಾಗ ಅವತ್ತಿನ ಹರಾಜು ಮುಗಿದಿತ್ತು. ಮೂಟೆಗಳನ್ನ ಮಂಡಿಯಲ್ಲೇ ಇಳಿಸಿದೆವು. ಮುಂದಿನ ಹರಾಜಿನ ದಿನ ಅಜ್ಜಿ ಬಸ್ಸಲ್ಲಿ ಬಂದು, ರೇಟು ಕೂಗೋವರೆಗೂ ಮೂಟೆ ಮೇಲೇ ಕೂತಿದ್ದರು. ಒಂದು ಉಂಡೆಯೂ ಕಪ್ಪಾಗಿರಲಿಲ್ಲ. ನನ್ನ ಬಾಡಿಗೆ ಪೂರ್ತಿ ಎಣಿಸಿ ಕೊಟ್ಟರು, ಕ್ರಾಸಲ್ಲಿ ಕುಡಿಸಿದ ಎರಡು ಟೀ ದುಡ್ಡು ಮಾತ್ರ ಹಿಡಕೊಂಡು.

ಭಾಗ 8: ನೊಣವಿನಕೆರೆ ದಾರೀಲಿ ಕ್ಲಚ್ ವೈರು.

#ತಿಪಟೂರು #ತುರುವೇಕೆರೆ #ಚಿಕ್ಕನಾಯಕನಹಳ್ಳಿ #ಲಗೇಜ್‌ಗಾಡಿಕಥೆಗಳು