ತೊಟ್ಟಿಯ ಗಿಡಕ್ಕೊಂದು ಚಿಟಿಕೆ ಗೊಬ್ಬರ

ಮನೆಯಲ್ಲಿ ಮೀನಿನ ತೊಟ್ಟಿ ಇಟ್ಟವರಿಗೆ ಗೊತ್ತಿರುತ್ತದೆ. ಬಂದ ನೆಂಟರೆಲ್ಲ ಮೀನಿನ ಹೆಸರು ಕೇಳುತ್ತಾರೆ, ಗಿಡದ ಹೆಸರನ್ನು ಯಾರೂ ಕೇಳುವುದಿಲ್ಲ. ನಮ್ಮ ತೊಟ್ಟಿಯಲ್ಲಿ ಹೆಸರು ಹೇಳಿಕೊಳ್ಳುವಂಥ ಮೀನೂ ಇಲ್ಲವೆನ್ನಿ. ಸೊಳ್ಳೆಮರಿ ತಿನ್ನಲೆಂದು ಆರೋಗ್ಯ ಇಲಾಖೆಯವರು ಬಾವಿಗಳಿಗೆ ಬಿಡುತ್ತಾರಲ್ಲ, ಆ ಗಪ್ಪಿಗಳೇ 15-20 ಇವೆ. ಗಡಸು ನೀರು ಅವಕ್ಕೆ ಚೆನ್ನಾಗಿ ಒಗ್ಗುತ್ತದೆ. ತಿಪಟೂರಿನ ನಮ್ಮ ಬೀದಿಯ ಕೊಳವೆಬಾವಿ ನೀರಂತೂ, ತೊಳೆದು ಬೋರಲು ಹಾಕಿದ ಸ್ಟೀಲ್ ಲೋಟದ ಮೇಲೆ ತಾನೇ ರಂಗೋಲಿ ಬಿಡಿಸಿಬಿಡುತ್ತದೆ. ತೊಟ್ಟಿ 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರ. ಮಗಳು ಬೆಂಗಳೂರಿಗೆ ಕೆಲಸಕ್ಕೆ ಹೋಗುವಾಗ ಬಿಟ್ಟುಹೋದ ಆಸ್ತಿ.

ಅದರ ಮುಂದೆ ಕೂರುವವರು ನಮ್ಮ ಮಾವನವರು. ಬೋರು ಬತ್ತಿ, ತೆಂಗಿನ ಸುಳಿಗಳು ಒಂದೊಂದಾಗಿ ಒಣಗಿ, ಕೊನೆಗೆ 2017ರಲ್ಲಿ ತೋಟ ಮಾರಿ ನಮ್ಮ ಮನೆಗೆ ಬಂದರು. ಆಮೇಲೆ ಊರ ಜಾತ್ರೆಗೆ ಕರೆದರೂ ಹೋಗಲಿಲ್ಲ. ಬೆಳಿಗ್ಗೆ ಪೇಪರು, ಮಧ್ಯಾಹ್ನ ಮುದ್ದೆ, ಉಳಿದ ಹೊತ್ತೆಲ್ಲ ಕುರ್ಚಿ. ಕೇಳಿದ್ದಕ್ಕೆ ‘ಹ್ಞೂಂ’, ಕೇಳದಿದ್ದರೆ ಅದೂ ಇಲ್ಲ. ಮನೆಯಲ್ಲಿ ಜಗಳವಾಡುವ ಮುದುಕರಿದ್ದರೆ ಸೊಸೆಯಂದಿರು ದೂರುತ್ತಾರೆ; ಮಾತೇ ಆಡದ ಮುದುಕರನ್ನು ನೋಡಿಕೊಳ್ಳುವುದು ಅದಕ್ಕಿಂತ ಕಷ್ಟ ಎಂದು ನನಗನ್ನಿಸುತ್ತಿತ್ತು.

ಹಾಗಿದ್ದವರು ಒಂದು ಭಾನುವಾರ ತೊಟ್ಟಿಯನ್ನೇ ದಿಟ್ಟಿಸುತ್ತ, “ಈ ಹುಲ್ಲಿಗೆ ಪೊಟ್ಯಾಷ್ ಸಾಲದು ಕಣಮ್ಮ” ಎಂದರು.

ಹುಲ್ಲು ಎಂದರೆ ವ್ಯಾಲಿಸ್ನೇರಿಯಾ. ರಿಬ್ಬನ್ನಿನಂತೆ ಉದ್ದುದ್ದ ಎಲೆಯದು. ನಮ್ಮ ಕೆರೆ ಕಾಲುವೆಗಳಲ್ಲೂ ಬೆಳೆಯುತ್ತದೆ. ನೋಡಿದರೆ ಹೌದು, ಹಳೆಯ ಎಲೆಗಳ ಅಂಚು ಹಳದಿ, ನಡುವೆ ಸೂಜಿಯಲ್ಲಿ ಚುಚ್ಚಿದಂಥ ತೂತು. ತೆಂಗಿಗೂ ಪೊಟ್ಯಾಷ್ ಕಡಿಮೆಯಾದಾಗ ಮೊದಲು ಹಳದಿಯಾಗುವುದು ಕೆಳಗಿನ ಹಳೆಯ ಗರಿಗಳೇ. ಶಾಲೆಯಲ್ಲಿ ನಮ್ಮ ವಿಜ್ಞಾನದ ಟೀಚರನ್ನು ಕೇಳಿದೆ. ಕೊರತೆ ಬಿದ್ದಾಗ ಗಿಡ ಹಳೆಯ ಎಲೆಯಿಂದ ಪೊಟ್ಯಾಷಿಯಂ ಹಿಂದೆಗೆದು ಚಿಗುರಿಗೆ ಕೊಡುತ್ತದಂತೆ. ಅನ್ನ ಸಾಲದ ರಾತ್ರಿ ನಾವು ಹೆಂಗಸರು ಮಾಡುವ ಕೆಲಸವೇ ತಾನೆ! ಕಬ್ಬಿಣವನ್ನು ಮಾತ್ರ ಹಾಗೆ ಸಾಗಿಸಲಾಗದು; ಆದ್ದರಿಂದ ಕಬ್ಬಿಣ ಕಡಿಮೆಯಾದರೆ ಹಳೆಯ ಎಲೆ ಹಸಿರಾಗೇ ಇದ್ದು, ಹೊಸ ಎಲೆ ಬಿಳಿಚಿಕೊಳ್ಳುತ್ತದೆ, ನರಗಳಷ್ಟೇ ಹಸಿರು. ನಮ್ಮ ತೊಟ್ಟಿಯಲ್ಲಿ ಅದೂ ಸ್ವಲ್ಪ ಕಾಣುತ್ತಿತ್ತು.

ಮೀನಿನ ಅಂಗಡಿಯಲ್ಲಿ ಪುಟ್ಟ ಸೀಸೆಯ ಗೊಬ್ಬರಕ್ಕೆ 500 ರೂಪಾಯಿಯ ಹತ್ತಿರ ಹೇಳಿದರು. ಸೀಸೆಯ ಮೇಲೆ ಕಾಡಿನಂಥ ಸೊಗಸಾದ ಚಿತ್ರವಿತ್ತು. ಒಳಗೆ ಏನು ಎಷ್ಟಿದೆ ಎಂಬುದಿರಲಿಲ್ಲ. ಮಾವನವರ ಬಿ.ಪಿ. ಮಾತ್ರೆಯ ಹಣ ಎಣಿಸಿಡುವ ಮನೆಯಲ್ಲಿ ಚಿತ್ರಕ್ಕೆ ಅಷ್ಟು ತೆರಲಾದೀತೆ? ಬರಿಗೈಯಲ್ಲಿ ಬಂದೆ.

“ಒಂದು ಚಿಟಿಕೆ ಯೂರಿಯಾ ಹಾಕು, ಮೂರು ದಿನಕ್ಕೆ ಹಸಿರು ಉಕ್ಕುತ್ತೆ” ಎಂದರು ಮಾವ.

“ಮಾವ, ನಿಮ್ಮ ತೋಟದಲ್ಲಿ ಮೀನಿರಲಿಲ್ಲ” ಎಂದೆ.

ಯೂರಿಯಾ ನೀರಿನಲ್ಲಿ ಒಡೆದು ಅಮೋನಿಯಾ ಆಗುತ್ತದೆ. ನಮ್ಮ ಬೋರಿನ ಕ್ಷಾರದ ನೀರಿನಲ್ಲಿ ಆ ಅಮೋನಿಯಾದ ವಿಷ ಇನ್ನೂ ಜಾಸ್ತಿ. ಡಿ.ಎ.ಪಿ.ಯಲ್ಲೂ ಇರುವುದು ಅಮೋನಿಯದ ಸಾರಜನಕವೇ, ಜೊತೆಗೆ ರಂಜಕ. ಅಷ್ಟಕ್ಕೂ ಸಾರಜನಕವನ್ನೂ ರಂಜಕವನ್ನೂ ನಾವು ಕೊಂಡು ತರಬೇಕಾಗಿಯೇ ಇಲ್ಲ. ಮೀನಿನ ಹಿಕ್ಕೆ, ಉಳಿದ ಮೇವು ಎರಡರಿಂದಲೂ ಅವು ಸಿಗುತ್ತವೆ. ಸುಣ್ಣ, ಮೆಗ್ನೀಸಿಯಂ ಗಡಸು ನೀರಿನಲ್ಲಿ ಪುಕ್ಕಟೆ. ಕಳೆದರೆ ಉಳಿಯುವುದು ಪೊಟ್ಯಾಷಿಯಂ ಮತ್ತು ಕಬ್ಬಿಣ. ಈ ಲೆಕ್ಕವನ್ನು ಹಾಳೆಯ ಮೇಲೆ ಬರೆದು ತೋರಿಸಿದಾಗ ಮಾವನವರು ಕನ್ನಡಕ ಏರಿಸಿಕೊಂಡು ಎರಡು ಸಲ ಓದಿ, “ಕುರಿ ಮಂದೆ ಕೂಡಿಸಿದ ಹೊಲಕ್ಕೆ ಯೂರಿಯಾ ಯಾಕೆ, ಸರಿ” ಎಂದರು. ಅಷ್ಟು ಉದ್ದದ ಮಾತು ಕೇಳಿ ವರ್ಷವಾಗಿತ್ತು.

ಕೆಂಪು ಪೊಟ್ಯಾಷ್ ಬೇಡ, ಅದರ ಕೆಸರು ನೀರನ್ನು ಕದಡುತ್ತದೆ ಎಂದು ಅವರೇ ಹೇಳಿದರು. ಹನಿ ನೀರಾವರಿಗೆ ಬಳಸುವ, ಪೂರ್ತಿ ಕರಗುವ ಪೊಟ್ಯಾಷಿಯಂ ಸಲ್ಫೇಟು ಗೊಬ್ಬರದ ಅಂಗಡಿಯಲ್ಲಿ 1 ಕಿಲೋ ಪೊಟ್ಟಣದಲ್ಲಿ ಸಿಗುತ್ತದೆ. ರೈತರು ‘ಜೀರೋ ಜೀರೋ ಫಿಫ್ಟಿ’ ಎನ್ನುತ್ತಾರೆ. ಸೀಸೆಯ ಅರ್ಧ ಬೆಲೆಯೂ ಆಗಲಿಲ್ಲ. ನಮ್ಮ ತೊಟ್ಟಿಗೆ ಅದು ಎಷ್ಟೋ ವರ್ಷ ಬಂದೀತು. ನನಗೆ ಬೇಕಾದದ್ದು 10 ಗ್ರಾಂ. ಅಡುಗೆಮನೆಯ ಚಮಚ ನಂಬುವಂತಿಲ್ಲವೆಂದು ಅಕ್ಕಸಾಲಿಗರ ಅಂಗಡಿಗೆ ಹೋದೆವು. ಬಂಗಾರ ತೂಗುವ ತಕ್ಕಡಿಯ ಮೇಲೆ ಬಿಳಿ ಪುಡಿ ಕಂಡು ಅವರು ಮೊದಲು ಹೆದರಿದರು, ಆಮೇಲೆ ನಕ್ಕರು.

10 ಗ್ರಾಂ ಪುಡಿಯನ್ನು ಅರ್ಧ ಲೀಟರ್ ನೀರಿಗೆ ಕದಡಿ, ‘ಕುಡಿಯಬಾರದು’ ಎಂದು ಚೀಟಿ ಅಂಟಿಸಿ ಅಟ್ಟದ ಮೇಲಿಟ್ಟಿದ್ದೇವೆ. ಮರಳು ಕಳೆದು ತೊಟ್ಟಿಯಲ್ಲಿ ನಿಲ್ಲುವ ನೀರು ಸುಮಾರು 45 ಲೀಟರ್. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ, ಈ ದ್ರಾವಣ 10 ಮಿ.ಲೀ. ಹಾಕಿದರೆ ಲೀಟರಿಗೆ 2 ಮಿಲಿಗ್ರಾಂನಷ್ಟು ಪೊಟ್ಯಾಷಿಯಂ ಸೇರುತ್ತದೆ. ನೀರು ಬದಲಿಸುವುದರಿಂದ ಅದು ಮಿತಿಮೀರಿ ಸೇರಿಕೊಳ್ಳುವುದಿಲ್ಲ. ತೆಗೆದ ನೀರು ಕರಿಬೇವಿನ ಗಿಡಕ್ಕೆ. (ತುಳಸಿಗೆ ಹಾಕಕೂಡದೆಂದು ಪಕ್ಕದ ಮನೆಯವರ ಕಟ್ಟಪ್ಪಣೆ.) ದೀಪ ದಿನಕ್ಕೆ 7-8 ಗಂಟೆ ಸಾಕು, ಕಿಟಕಿಯ ಬಿಸಿಲು ನೇರ ಬಿದ್ದರೆ ಗೊಬ್ಬರವೆಲ್ಲ ಪಾಚಿಯ ಪಾಲು.

ಕಬ್ಬಿಣದ್ದು ತುಸು ತಕರಾರು. ಅಂಗಡಿಯಲ್ಲಿ ಸಿಗುವ ಇ.ಡಿ.ಟಿ.ಎ. ಕಬ್ಬಿಣ ಕ್ಷಾರದ ನೀರಿನಲ್ಲಿ ಬಹಳ ಕಾಲ ನಿಲ್ಲದು. ಎಲ್ಲ ಸೇರಿಸಿದ ಲಘು ಪೋಷಕಾಂಶದ ಪೊಟ್ಟಣಗಳಲ್ಲಿ ತಾಮ್ರವೂ ಇರುತ್ತದೆ; ಸೀಗಡಿ, ಬಸವನಹುಳು ಸಾಕಿದವರು ಅದರ ತಂಟೆಗೆ ಹೋಗದಿರುವುದು ಮೇಲು. ಇನ್ನೊಂದು ದಾರಿ ಮಣ್ಣು. ಡಯಾನಾ ವಾಲ್‌ಸ್ಟಡ್ ಎಂಬ ಅಮೆರಿಕದ ಹೆಂಗಸು 1999ರಲ್ಲಿ ಬರೆದ ಪುಸ್ತಕದಲ್ಲಿ ಮರಳಿನಡಿ ಸಾಮಾನ್ಯ ಮಣ್ಣು ಹಾಕಿ ಗಿಡ ಬೆಳೆಸುವುದನ್ನೇ ಸಮರ್ಥಿಸಿದ್ದಾರೆ. ಗಾಳಿಯಾಡದ ತಳದಲ್ಲಿ ಮಣ್ಣಿನ ಕಬ್ಬಿಣ ಕರಗುವ ರೂಪಕ್ಕೆ ಬಂದು ಬೇರಿಗೆ ದಕ್ಕುತ್ತದೆ. ಭತ್ತದ ಗದ್ದೆಯಲ್ಲಿ ಆಗುವುದೂ ಅದೇ.

“ಗೋಡು ಮಣ್ಣು” ಎಂದರು ಮಾವ. ತೋಟಕ್ಕೆ ಕೆರೆಯ ಗೋಡು ಹೊಡೆಸುವುದು ಅವರ ಕಾಲದ ದೊಡ್ಡ ಬೇಸಾಯ. ಪೇಟೆಯಲ್ಲಿ ಎಲ್ಲಾದರೂ ತರಿಸೋಣವೆಂದೆ. ಕೇಳಲಿಲ್ಲ. ಮಾರನೆಯ ಬೆಳಿಗ್ಗೆ ಟೋಪಿ ಹಾಕಿಕೊಂಡು ಎಂಟರ ಬಸ್ಸಿಗೆ ಊರಿಗೆ ಹೊರಟರು. ಒಬ್ಬರೇ. ನಾನು ಶಾಲೆಯಲ್ಲಿ ಹಾಜರಿ ಕೂಗುವಾಗಲೂ ಮನಸ್ಸು ಬಸ್‌ಸ್ಟ್ಯಾಂಡಿನಲ್ಲೇ ಇತ್ತು.

ಸಂಜೆ ಕೈಚೀಲದ ತುಂಬ ಮಣ್ಣು ತಂದರು. ಕಲ್ಲು ಕಡ್ಡಿ ಆರಿಸಿ, ಗೊಬ್ಬರ ಸಗಣಿ ಏನನ್ನೂ ಬೆರೆಸದೆ ಗೋಲಿಯಷ್ಟು ಉಂಡೆ ಕಟ್ಟಿ ಮೊರದಲ್ಲಿ ಒಣಗಲಿಟ್ಟೆವು. ಸಗಣಿ ಸೇರಿಸಿದರೆ ಅಡಿಯಲ್ಲಿ ಕೊಳೆತು ನಾರುತ್ತದೆ. ಒಣಗಿದ ಉಂಡೆಗಳನ್ನು ಬೇರಿನ ಬುಡದಲ್ಲಿ ಮರಳಿನೊಳಕ್ಕೆ ಒತ್ತಬೇಕು, ಮೇಲೊಂದು ಇಂಚು ಮರಳು ಮುಚ್ಚಿರಬೇಕು. ಉಂಡೆ ಕಟ್ಟುತ್ತಲೇ ಅವರು ಹೇಳಿದರು: ತೋಟ ಕೊಂಡವರು ದಾಳಿಂಬೆ ಹಾಕಿದ್ದಾರೆ. ಬಾವಿ ಮಗ್ಗುಲಿನ ಎರಡು ತೆಂಗಿನ ಮರ ಇನ್ನೂ ನಿಂತಿವೆ. ಎಳನೀರು ಇಳಿಸಿ ಕೊಟ್ಟರಂತೆ, ಕುಡಿದರಂತೆ.

ಸುಮಾರು ಒಂದು ತಿಂಗಳಿಗೆ ಹೊಸ ಎಲೆಗಳು ಹಸಿರಾಗಿ ಬಂದವು. ತೂತು ಬಿದ್ದ ಹಳೆಯವು ಮತ್ತೆ ಸರಿಯಾಗುವುದಿಲ್ಲ, ಕತ್ತರಿಸಿ ತೆಗೆದೆ. ಈಗ ಪ್ರತಿ ಗುರುವಾರ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು ಮಾವನವರ ಕೆಲಸ. 10 ಮಿ.ಲೀ. ಸಾಲದು, 12 ಹಾಕೋಣ ಎಂದು ನಿನ್ನೆಯೂ ವಾದ ಮಾಡಿದರು. ನಾನು ಒಪ್ಪಿಲ್ಲ.