ಗೆದ್ದವನು ನಗದ ಕಣ

ಟೋಕಿಯೋ ನಗರದ ಪೂರ್ವಕ್ಕೆ ಸುಮಿದಾ ನದಿಯನ್ನು ದಾಟಿದೊಡನೆ ಸಿಕ್ಕುವ ಬಡಾವಣೆಗೆ ರ್ಯೋಗೊಕು ಎಂದು ಹೆಸರು. ‘ಎರಡು ನಾಡು’ ಎಂಬುದು ಆ ಮಾತಿನ ಅರ್ಥ. ಹಿಂದೆ ಎರಡು ಪ್ರಾಂತಗಳ ನಡುವಣ ಗಡಿಯಾಗಿದ್ದ ನದಿಗೆ ಸೇತುವೆ ಕಟ್ಟಿದಾಗ ಬಂದ ಹೆಸರು ಅದು. ಇಂದು ಆ ಗಡಿಯೂ ಇಲ್ಲ, ಆ ಪ್ರಾಂತಗಳೂ ಇಲ್ಲ. ಆದರೂ ಆ ಹೆಸರು ಮತ್ತೊಂದು ಬಗೆಯಲ್ಲಿ ನಿಜವಾಗಿಯೇ ಉಳಿದಿದೆ. ಅದು ಹೇಗೆಂಬುದನ್ನು ವಾಚಕರು ಮುಂದೆ ಕಾಣುವರು.

ಸುಮೊ ಎಂಬ ಮಲ್ಲಯುದ್ಧಕ್ಕೆ ರ್ಯೋಗೊಕು ತವರುಮನೆ. ವರ್ಷಕ್ಕೆ ನಡೆಯುವ ಆರು ಮಹಾಪಂದ್ಯಗಳಲ್ಲಿ ಮೂರು, ಅಂದರೆ ಜನವರಿ, ಮೇ ಮತ್ತು ಸೆಪ್ಟೆಂಬರ್ ತಿಂಗಳಿನವು, ಇಲ್ಲಿಯ ಕೊಕುಗಿಕಾನ್ ಎಂಬ ಭವನದಲ್ಲಿಯೇ ನಡೆಯುತ್ತವೆ. ಒಂದೊಂದೂ ೧೫ ದಿನಗಳ ಉತ್ಸವ. ಆ ದಿನಗಳಲ್ಲಿ ರೈಲುನಿಲ್ದಾಣದಿಂದ ಹೊರಗೆ ಕಾಲಿಟ್ಟರೆ ಸಾಕು, ಮಲ್ಲರ ಹೆಸರುಗಳನ್ನು ಬರೆದ ಬಣ್ಣಬಣ್ಣದ ನಿಶಾನೆಗಳು ಸಾಲಾಗಿ ಹಾರಾಡುತ್ತಿರುತ್ತವೆ. ಎತ್ತರದ ಅಟ್ಟಣೆಯೊಂದರ ಮೇಲಿನಿಂದ ಡೋಲಿನ ಸದ್ದು ಕೇಳುತ್ತದೆ. ತೆಳುವಾದ ಹತ್ತಿಯ ನಿಲುವಂಗಿ ತೊಟ್ಟ ಮಹಾಕಾಯರು ಬೀದಿಯಲ್ಲಿ ನಿಧಾನವಾಗಿ ನಡೆದುಹೋಗುತ್ತಾರೆ. ಅವರು ಹಾದುಹೋದ ಮೇಲೂ ಜುಟ್ಟಿಗೆ ಹಚ್ಚಿದ ಸುಗಂಧದ ಎಣ್ಣೆಯ ವಾಸನೆ ಗಾಳಿಯಲ್ಲಿ ನಿಂತಿರುತ್ತದೆ. ಸುತ್ತಲಿನ ಕೇರಿಗಳಲ್ಲಿ ಮಲ್ಲರ ಊಟವಾದ ‘ಚಾಂಕೊ’ ಎಂಬ ಸಾರನ್ನು ಬಡಿಸುವ ಹೋಟೆಲುಗಳು ಅನೇಕ. ಅದಕ್ಕೆ ಕೋಳಿಯ ಮಾಂಸವೇ ಶುಭವಂತೆ. ಕೋಳಿ ಎರಡು ಕಾಲಿನ ಮೇಲೆ ನಿಲ್ಲುತ್ತದೆ. ನಾಲ್ಕು ಕಾಲಿನ ಪಶುವಿನಂತೆ ಕೈ ನೆಲಕ್ಕೆ ಊರಿದವನು ಕಣದಲ್ಲಿ ಸೋತಂತೆಯೇ ಸರಿ!

ಮಲ್ಲಯುದ್ಧ ಇಲ್ಲಿ ನೆಲೆಯೂರಿದ ಕಥೆ ಸಾವಿನಿಂದ ಆರಂಭವಾಗುತ್ತದೆ. ೧೬೫೭ರಲ್ಲಿ ನಗರಕ್ಕೆ ಮಹಾಗ್ನಿ ಬಿದ್ದು ಲಕ್ಷಕ್ಕೂ ಮಿಕ್ಕಿ ಜನ ಮಡಿದರೆಂದು ಹೇಳುತ್ತಾರೆ. ಗುರುತು ಸಿಗದ ಶವಗಳನ್ನು ಒಟ್ಟಾಗಿ ಹೂಳಿ, ಸತ್ತವರ ಸದ್ಗತಿಗಾಗಿ ಎಕೊಇನ್ ಎಂಬ ಬೌದ್ಧ ಮಂದಿರವನ್ನು ಈ ದಡದಲ್ಲಿ ಕಟ್ಟಿದರು. ದೇವಾಲಯಗಳಿಗೆ ಹಣ ಕೂಡಿಸಲು ಕುಸ್ತಿ ಏರ್ಪಡಿಸುವುದು ಆ ಕಾಲದ ವಾಡಿಕೆ. ಎಕೊಇನ್ ಪ್ರಾಕಾರದಲ್ಲಿ ೧೭೬೮ರಿಂದ ಪಂದ್ಯಗಳು ನಡೆಯತೊಡಗಿ, ೧೯೦೯ರಲ್ಲಿ ಅದರ ಮಗ್ಗುಲಿಗೇ ಮೊದಲನೆಯ ಕೊಕುಗಿಕಾನ್ ಎದ್ದು ನಿಂತಿತು. ಈಗಿರುವುದು ೧೯೮೫ರಲ್ಲಿ ತೆರೆದ ಭವನ. ಸುಮಾರು ೧೧,೦೦೦ ಜನ ಕೂಡಬಹುದು.

ಭವನದ ನಡುವೆ ಜೇಡಿಮಣ್ಣಿನ ಜಗಲಿ. ಅದರ ಮೇಲೆ ಹುಲ್ಲಿನ ಸಿಂಬಿಗಳನ್ನು ಹುಗಿದು ಮಾಡಿದ ವೃತ್ತ, ಅಡ್ಡಳತೆ ೪.೫೫ ಮೀಟರು. ಇಬ್ಬರು ಮಲ್ಲರು ಎದುರುಬದುರು ಬರುತ್ತಾರೆ. ಮುಕ್ಕಳಿಸಿ ಉಗುಳುತ್ತಾರೆ, ಹಿಡಿ ಉಪ್ಪನ್ನು ಕಣಕ್ಕೆ ಎರಚುತ್ತಾರೆ, ಕಾಲನ್ನು ಆಕಾಶಕ್ಕೆತ್ತಿ ನೆಲ ಅದುರುವಂತೆ ತುಳಿಯುತ್ತಾರೆ, ಕುಕ್ಕರಗಾಲಿನಲ್ಲಿ ಕುಳಿತು ಒಬ್ಬರನ್ನೊಬ್ಬರು ದುರುದುರು ನೋಡುತ್ತಾರೆ. ಇನ್ನೇನು ಹಾಯಬೇಕು ಎನ್ನುವಷ್ಟರಲ್ಲಿ ಎದ್ದು ಹೋಗಿ ಮತ್ತೆ ಉಪ್ಪು ತರುತ್ತಾರೆ. ಮೇಲಿನ ದರ್ಜೆಯವರಿಗೆ ಇದಕ್ಕೆ ನಾಲ್ಕು ನಿಮಿಷದ ಅವಕಾಶ ಉಂಟು. ೧೯೨೮ರಲ್ಲಿ ರೇಡಿಯೋ ಪ್ರಸಾರ ಆರಂಭವಾಗುವ ಮೊದಲು ಇದಕ್ಕೆ ಯಾವ ಮಿತಿಯೂ ಇರಲಿಲ್ಲ. ಕಾದಾಟವಾದರೋ ಹಲವು ಸಲ ಹತ್ತು ಸೆಕೆಂಡಿಗೆ ಮುಗಿದುಹೋಗುತ್ತದೆ. ಹೊಸದಾಗಿ ಬಂದ ಪ್ರವಾಸಿಗನಿಗೆ, ತಾಂಬೂಲಕ್ಕೆಂದು ಕರೆದು ಅಡಕೆ ಕತ್ತರಿಸುವುದರಲ್ಲೇ ಹೊತ್ತು ಕಳೆದಂತೆ ಕಂಡರೆ ಅದು ಅವನ ತಪ್ಪಲ್ಲ.

ಮುಗಿದ ಮೇಲೆ ನಡೆಯುವುದೇ ವಿಶೇಷ. ಅಂದರೆ, ಏನೂ ನಡೆಯುವುದಿಲ್ಲ. ಬೆಟ್ಟದಂಥ ಎದುರಾಳಿಯನ್ನು ಕೆಡವಿದವನು ಕೈಯೆತ್ತುವುದಿಲ್ಲ, ಕೂಗುವುದಿಲ್ಲ, ಹಲ್ಲು ಕಾಣಿಸುವುದಿಲ್ಲ. ಸೋತವನು ತಲೆಬಾಗಿ ಇಳಿದುಹೋಗುತ್ತಾನೆ. ಗೆದ್ದವನು ಕುಕ್ಕರಗಾಲಿನಲ್ಲಿ ಕುಳಿತು, ತೀರ್ಪುಗಾರ ಬೀಸಣಿಗೆಯ ಮೇಲಿಟ್ಟು ನೀಡುವ ಬಹುಮಾನದ ಲಕೋಟೆಗಳ ಮುಂದೆ ಎಡಕ್ಕೆ, ಬಲಕ್ಕೆ, ನಡುವಿಗೆ ಅಂಗೈಯಿಂದ ಗಾಳಿಯನ್ನು ಕೊಯ್ದು, ಮೂರು ದೇವತೆಗಳಿಗೆ ವಂದಿಸಿ ತೆಗೆದುಕೊಳ್ಳುತ್ತಾನೆ. ಅಪರಿಚಿತನೊಬ್ಬ ಅವನ ಮುಖವನ್ನು ಮಾತ್ರ ನೋಡಿದರೆ, ಗೆದ್ದನೋ ಸೋತನೋ ಎಂದು ತಿಳಿಯುವುದು ಕಷ್ಟ.

ತೊಡೆ ತಟ್ಟುವುದು, ಮೀಸೆ ತಿರುವುವುದು ಎಂಬ ಮಾತುಗಳನ್ನು ಎಳೆತನದಿಂದ ಕೇಳಿ ಬೆಳೆದ ಕನ್ನಡಿಗನಿಗೆ ಇದು ಒಗಟು. ಮೈಸೂರಿನ ಗರಡಿಯ ಪೈಲ್ವಾನನು ಕೆಮ್ಮಣ್ಣಿಗಿಳಿದು ತೊಡೆ ತಟ್ಟದಿದ್ದರೆ ಕುಸ್ತಿ ಮೊದಲಾದಂತೆಯೇ ಅಲ್ಲ. ರನ್ನನ ಗದಾಯುದ್ಧದಲ್ಲಿ ಭೀಮನ ಗದೆಯಷ್ಟೇ ಅವನ ಮಾತೂ ಗರ್ಜಿಸುತ್ತದೆ. ಪರಾಕ್ರಮವಿದ್ದೂ ಬಾಯಿ ಮುಚ್ಚಿಕೊಂಡಿರುವ ವೀರನನ್ನು ಇಲ್ಲಿಯ ಪ್ರೇಕ್ಷಕನು ಸುಲಭವಾಗಿ ನಂಬುವವನಲ್ಲ.

ಜಪಾನೀಯರು ಈ ಮೌನಕ್ಕೆ ಆದರ್ಶವಾಗಿ ತೋರಿಸುವುದು ಫುತಬಯಾಮನನ್ನು. ಬಾಲ್ಯದಲ್ಲಿಯೇ ಬಲಗಣ್ಣಿನ ದೃಷ್ಟಿ ಬಹುಮಟ್ಟಿಗೆ ಹೋಗಿದ್ದರೂ ನಿವೃತ್ತನಾಗುವವರೆಗೆ ಅದನ್ನು ಹೊರಗೆ ತೋರಗೊಡದ ಮನುಷ್ಯ ಆತ. ೧೯೩೬ರಿಂದ ೧೯೩೯ರವರೆಗೆ ಸತತವಾಗಿ ೬೯ ಕಾಳಗಗಳನ್ನು ಗೆದ್ದ. ಆ ದಾಖಲೆಯನ್ನು ಇಂದಿಗೂ ಯಾರೂ ಮುರಿದಿಲ್ಲ. ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ ಕಥೆಯೊಂದು ಚೀನಾದ ಪ್ರಾಚೀನ ಗ್ರಂಥ ‘ಚ್ವಾಂಗ್ ತ್ಸು’ವಿನದು. ಅರಸನೊಬ್ಬನಿಗಾಗಿ ಹುಂಜವನ್ನು ಕಾಳಗಕ್ಕೆ ಪಳಗಿಸುವವನಿದ್ದ. ಹತ್ತು ದಿನದ ಮೇಲೆ ಅರಸ ವಿಚಾರಿಸಿದರೆ, ಇನ್ನೂ ಅದಕ್ಕೆ ಜಂಬ ಹೋಗಿಲ್ಲವೆಂದ. ಇಪ್ಪತ್ತು ದಿನಕ್ಕೆ, ನೆರಳು ಕಂಡರೂ ಸದ್ದು ಕೇಳಿದರೂ ಕೆರಳುತ್ತದೆ ಎಂದ. ಮೂವತ್ತಕ್ಕೆ, ಕಣ್ಣಿನಲ್ಲಿ ಇನ್ನೂ ರೋಷವಿದೆ ಎಂದ. ನಲವತ್ತನೆಯ ದಿನ ಹುಂಜ ಸಿದ್ಧವಾಯಿತು: ಬೇರೆ ಹುಂಜಗಳು ಎಷ್ಟು ಕೂಗಿದರೂ ಅದು ಮರದಲ್ಲಿ ಕಡೆದ ಹುಂಜದಂತೆ ನಿಂತಿರುತ್ತಿತ್ತು. ಅದನ್ನು ನೋಡಿದೊಡನೆ ಉಳಿದವು ಓಡಿಹೋಗುತ್ತಿದ್ದವು. ೧೯೩೯ರ ಜನವರಿ ೧೫ರಂದು ರ್ಯೋಗೊಕುವಿನಲ್ಲಿ ಅಕಿನೊಉಮಿ ಎಂಬ ತರುಣನು ಫುತಬಯಾಮನನ್ನು ಕಾಲುಕೊಟ್ಟು ಕೆಡವಿದ. ಭವನವೆಲ್ಲ ಹುಚ್ಚೆದ್ದು ಕೂಗುತ್ತಿರುವಾಗ ಸೋತವನು ಎಂದಿನಂತೆ ತಲೆಬಾಗಿ ಹೊರಟುಹೋದ. ಆಮೇಲೆ ತನಗೆ ಆ ಕಥೆಯನ್ನು ಹೇಳಿದ್ದ ಹಿರಿಯರಿಗೆ ತಂತಿ ಕಳುಹಿಸಿದ. ತಾನಿನ್ನೂ ಮರದ ಹುಂಜವಾಗಲಿಲ್ಲ ಎಂಬುದು ಅದರ ತಾತ್ಪರ್ಯ.

ಇದರಿಂದ ಜಪಾನೀಯರೆಲ್ಲ ಮರದ ಹುಂಜಗಳೆಂದು ಭಾವಿಸಬೇಕಾಗಿಲ್ಲ. ಅದೇ ಟೋಕಿಯೋದಲ್ಲಿ ಬೇಸ್‌ಬಾಲ್ ಆಟಗಾರನು ಮುಷ್ಟಿಯೆತ್ತಿ ಕುಣಿದರೆ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ‘ಕೆಂದೊ’ ಎಂಬ ಕತ್ತಿವರಸೆಯಲ್ಲಿ ಹೊಡೆತ ಕೂಡಿತೆಂದು ಹಿಗ್ಗಿ ಕುಣಿದವನ ಅಂಕವನ್ನೇ ಕಿತ್ತುಕೊಳ್ಳಬಹುದು. ನಿಯಮ ದೇಶಕ್ಕೆ ಸೇರಿದ್ದಲ್ಲ, ಕಣಕ್ಕೆ ಸೇರಿದ್ದು. ಸುಮೊದಲ್ಲಿ ಕೂಡ ಆ ಭಾರವೆಲ್ಲ ಬೀಳುವುದು ಯೊಕೊಜುನ ಎಂಬ ಅತ್ಯುನ್ನತ ಪದವಿಯವನ ಮೇಲೆ. ೨೦೧೩ರಲ್ಲಿ ನಿವೃತ್ತನಾದ ತಕಮಿಸಕರಿ ಎಂಬ ಮಲ್ಲನು ಕಾದಾಟಕ್ಕೆ ಮುಂಚೆ ತನ್ನ ಎದೆಯನ್ನೂ ಮುಖವನ್ನೂ ತಾನೇ ಗುದ್ದಿಕೊಂಡು ಹುರಿಗೊಳ್ಳುತ್ತಿದ್ದ; ಗೆದ್ದರೆ ಮುಖವೆತ್ತಿ ಬೀಗುತ್ತ, ಸೋತರೆ ಜೋಲುಮೋರೆ ಹಾಕಿಕೊಂಡು ಹಿಂದಿರುಗುತ್ತಿದ್ದ. ಜನ ಅವನನ್ನು ಮನಸಾರೆ ಮೆಚ್ಚಿದರು. ಅವನು ಯೊಕೊಜುನ ಅಲ್ಲವಲ್ಲ! ಯೊಕೊಜುನನನ್ನು ಆರಿಸುವಾಗ ಬಲದೊಂದಿಗೆ ‘ಹಿಂಕಾಕು’, ಅಂದರೆ ಘನತೆ, ಇದೆಯೇ ಎಂದು ನೋಡುತ್ತಾರೆ. ಅದನ್ನು ವಿಚಾರಿಸಲು ೧೯೫೦ರಿಂದ ಗಣ್ಯರ ಸಮಿತಿಯೇ ಇದೆ.

ಇಂಥ ಕಣಕ್ಕೆ ಮಂಗೋಲಿಯಾದ ತರುಣರು ಮೊದಲು ಬಂದದ್ದು ೧೯೯೨ರಲ್ಲಿ. ಅವರ ನಾಡಿನ ಕುಸ್ತಿಯ ರೀತಿಯೇ ಬೇರೆ. ಪ್ರತಿವರ್ಷ ಜುಲೈ ತಿಂಗಳಿನ ನಾದಮ್ ಹಬ್ಬದಲ್ಲಿ ಉಲಾನ್‌ಬಾತರ್ ನಗರದ ಕ್ರೀಡಾಂಗಣದ ಹಸಿರು ಹುಲ್ಲಿನ ಮೇಲೆ ಸಾಮಾನ್ಯವಾಗಿ ೫೧೨ ಮಲ್ಲರು ಇಳಿಯುತ್ತಾರೆ. ಒಂಬತ್ತು ಸುತ್ತು ಕಳೆದಾಗ ಒಬ್ಬನೇ ಉಳಿಯುತ್ತಾನೆ. ತೂಕದ ಭೇದವಿಲ್ಲ. ಎದೆ ತೆರೆದ ಅರೆಯಂಗಿ ತೊಟ್ಟ ಮಲ್ಲನು ಎರಡು ತೋಳುಗಳನ್ನೂ ರೆಕ್ಕೆಗಳಂತೆ ಹರಡಿ, ಪಕ್ಷಿರಾಜನ ಹಾಗೆ ತೂಗುತ್ತ ನರ್ತಿಸುತ್ತ ಬರುತ್ತಾನೆ. ಗೆದ್ದ ಮೇಲೂ ಅದೇ ನೃತ್ಯ. ಅವನ ಬಿರುದುಗಳನ್ನು ಗಟ್ಟಿಯಾಗಿ ಹೊಗಳಿ ಹಾಡಲು ಜೊತೆಗಾರನೊಬ್ಬನಿರುತ್ತಾನೆ. ಬಿರುದುಗಳಾದರೂ ಎಂಥವು! ಗಿಡುಗ, ಆನೆ, ಸಿಂಹ. ಅವುಗಳಲ್ಲಿ ‘ಗರಿದ್’ ಎಂಬುದೊಂದು. ಅದು ಬೌದ್ಧಧರ್ಮದೊಂದಿಗೆ ಭಾರತದಿಂದ ಅಷ್ಟು ದೂರ ಹಾರಿಹೋದ ಗರುಡನೇ. ಆದರೆ ಗೆದ್ದವನು ಕುಣಿಯುವುದಕ್ಕೆ ಮುನ್ನ ಸೋತವನು ಅವನ ತೋಳಿನ ಕೆಳಗೆ ನುಸುಳಿ ಹೋಗಬೇಕು. ಸೋಲನ್ನು ಒಪ್ಪಿದೆನೆಂದು ಅವನೂ, ನೀನು ನನ್ನ ರೆಕ್ಕೆಯ ಕೆಳಗಿನವನೆಂದು ಇವನೂ ಹೇಳಿದ ಹಾಗೆ. ಆ ಮೇಲಿನ ಕುಣಿತದಲ್ಲಿ ಯಾರಿಗೂ ಅವಮಾನವಿಲ್ಲ.

ಆ ನಾಡಿನ ಮಲ್ಲರ ಮನೆತನವೊಂದರಲ್ಲಿ ಹುಟ್ಟಿದ ಹುಡುಗನೇ ಅಸಶೊರ್ಯೂ. ಶಾಲಾವಿದ್ಯಾರ್ಥಿಯಾಗಿ ಜಪಾನಿಗೆ ಬಂದು, ೨೦೦೩ರಲ್ಲಿ ಯೊಕೊಜುನ ಆದ ಮೊದಲ ಮಂಗೋಲಿಯನ್. ೨೦೦೫ರಲ್ಲಿ ಆರಕ್ಕೆ ಆರು ಪಂದ್ಯಗಳನ್ನೂ ಗೆದ್ದ. ಬಲಕ್ಕೆ ಕೊರತೆಯಿರಲಿಲ್ಲ, ಘನತೆಯ ವಿಷಯದಲ್ಲಿ ಮಾತ್ರ ತಕರಾರು ತಪ್ಪಲಿಲ್ಲ. ೨೦೦೯ರ ಜನವರಿಯಲ್ಲಿ, ಮೊಣಕೈ ಪೆಟ್ಟಿನಿಂದ ಬಹಳ ದಿನ ಕಣದಿಂದ ದೂರವಿದ್ದವನು ಹಿಂದಿರುಗಿ, ತನ್ನ ನಾಡಿನವನೇ ಆದ ಹಕುಹೋನನ್ನು ಅಂತಿಮ ಕಾಳಗದಲ್ಲಿ ಸೋಲಿಸಿದ. ಅವನ ಕತೆ ಮುಗಿಯಿತೆಂದು ಬರೆದಿದ್ದವರ ಮುಂದೆಯೇ ಗೆದ್ದಿದ್ದ. ಕಣದ ಮೇಲೆಯೇ ಎರಡು ಕೈಗಳನ್ನೂ ಮೇಲೆತ್ತಿದ. ಅಷ್ಟೇ ಅವನು ಮಾಡಿದ್ದು. ನೆರೆದವರು ಹರ್ಷೋದ್ಗಾರ ಮಾಡಿದರು. ಹಿರಿಯರ ಸಮಿತಿ ಮುಖ ಸಿಂಡರಿಸಿತು. ಸೆಪ್ಟೆಂಬರಿನಲ್ಲಿ ಮತ್ತೆ ಗೆದ್ದು ಮತ್ತೆ ಕೈಯೆತ್ತಿದಾಗ ಎಚ್ಚರಿಕೆ ಬಂತು. ೨೦೧೦ರ ಫೆಬ್ರವರಿಯಲ್ಲಿ, ಕಣದ ಹೊರಗಿನ ಜಗಳವೊಂದರ ಆರೋಪ ಎದ್ದು, ೨೫ ಬಾರಿ ವಿಜಯಿಯಾಗಿದ್ದ ಆತ ೨೯ನೆಯ ವಯಸ್ಸಿಗೇ ನಿವೃತ್ತನಾದ. ಕೈಯೆತ್ತಿದ್ದಕ್ಕಾಗಿಯೇ ಅವನು ಹೋದನೆಂದರೆ ಸುಳ್ಳಾದೀತು; ಆದರೆ ಆ ಎರಡು ಕೈಗಳನ್ನೂ ಅವನ ಲೆಕ್ಕದಲ್ಲಿ ಬರೆದಿಟ್ಟಿದ್ದರೆಂಬುದು ಸುಳ್ಳಲ್ಲ.

ಹಾಗೆ ನೋಡಿದರೆ ರ್ಯೋಗೊಕುವಿನ ಕಣದಲ್ಲಿ ಆತ್ಮವಿಶ್ವಾಸದ ಪ್ರದರ್ಶನಕ್ಕೆ ನಿಷೇಧವೆಲ್ಲಿದೆ? ಉಪ್ಪಿನ ಎರಚಾಟ, ಕಾಲಿನ ತುಳಿತ, ಆ ಸುಡುವ ದೃಷ್ಟಿ, ಇವೆಲ್ಲ ತೊಡೆ ತಟ್ಟುವುದರ ಸೋದರರೇ. ಫಲ ತಿಳಿಯುವ ಮುನ್ನ ಎಷ್ಟು ಬೀಗಿದರೂ ಸಲ್ಲುತ್ತದೆ. ಸೋತವನು ಮಣ್ಣು ಕೊಡವಿಕೊಳ್ಳುತ್ತಿರುವಾಗ ಮಾತ್ರ ಸಲ್ಲದು. ಉಲಾನ್‌ಬಾತರ್‌ನಲ್ಲಿ ಸೋತವನಿಗೆ ಒಂದು ರೆಕ್ಕೆಯ ನೆರಳುಂಟು. ಇಲ್ಲಿ ಅದಿಲ್ಲದ್ದರಿಂದ ಗೆದ್ದವನೇ ಮುಖ ಮರೆಸಿಕೊಳ್ಳಬೇಕು. ಅಸಶೊರ್ಯೂ ಎರಡರ ನಡುವೆ ಸಿಕ್ಕಿಬಿದ್ದ.

೨೦೧೦ರ ಅಕ್ಟೋಬರಿನಲ್ಲಿ ಅವನ ಜುಟ್ಟನ್ನು ಕತ್ತರಿಸುವ ವಿಧಿ ಕೊಕುಗಿಕಾನ್‌ನಲ್ಲಿಯೇ ನಡೆಯಿತು. ೨೦೨೫ರ ಜನವರಿಯಲ್ಲಿ ಹೊಸ ಯೊಕೊಜುನ ಒಬ್ಬನ ಹೆಸರು ಘೋಷಿತವಾಯಿತು: ಹೊಶೊರ್ಯೂ, ಅಸಶೊರ್ಯೂವಿನ ಸಹೋದರನ ಮಗ. ಸಂಪ್ರದಾಯದಂತೆ ಅವನು ಸೊಂಟಕ್ಕೆ ಬಿಳಿಯ ಹಗ್ಗ ಬಿಗಿದು ಮೆಯ್‌ಜಿ ಮಂದಿರದಲ್ಲಿ ಕಣಪ್ರವೇಶದ ವಿಧಿಯನ್ನು ನೆರವೇರಿಸಿದ. ಆ ವಿಧಿಯಲ್ಲಿ, ಆಯುಧವಿಲ್ಲವೆಂದು ತೋರಿಸಲು, ಮಲ್ಲನು ಕುಕ್ಕರಗಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿ ಎರಡು ತೋಳುಗಳನ್ನೂ ಅಗಲವಾಗಿ ಹರಡುತ್ತಾನೆ. ಚಳಿಗಾಲದ ಆ ಬಯಲಿನಲ್ಲಿ ಅಣ್ಣನ ಮಗ ತೋಳು ಹರಡಿದ, ಯಾರೂ ಆಕ್ಷೇಪಿಸಲಿಲ್ಲ.