ಬಿ.ಎಚ್. ರಸ್ತೆಯ ಅಂಚಿನಲ್ಲಿ

ಕಡೂರು, ತರೀಕೆರೆಯ ಮಕ್ಕಳು ವಿಳಾಸ ಬರೆಯಲು ಕಲಿಯುವ ವಯಸ್ಸಿಗೇ ಬಿ.ಎಚ್. ರಸ್ತೆಯ ಹೆಸರು ಕೇಳಿರುತ್ತಾರೆ. ಆ ಎರಡಕ್ಷರಗಳ ಅರ್ಥವೇನೆಂದು ಕೇಳಿದರೆ ಮಾತ್ರ ಎಷ್ಟೋ ದೊಡ್ಡವರೂ ತಲೆ ಕೆರೆದುಕೊಳ್ಳುತ್ತಾರೆ. ಬೆಂಗಳೂರಿನಿಂದ ಹೊರಟು ತುಮಕೂರು, ತಿಪಟೂರು, ಅರಸೀಕೆರೆ ದಾಟಿ, ಕಡೂರು, ಬೀರೂರು, ತರೀಕೆರೆಗಳನ್ನು ಹಾಯ್ದು, ಶಿವಮೊಗ್ಗ, ಸಾಗರದ ಮೇಲೆ ಹೊನ್ನಾವರದ ಕಡಲು ಸೇರುವ ದಾರಿ ಅದು. ಘಟ್ಟದಾಚೆಯ ಸಮುದ್ರ ತಮ್ಮೂರಿನ ಪೇಟೆಬೀದಿಯ ಹೆಸರಿನಲ್ಲಿ ಅಡಗಿ ಕುಳಿತಿದೆ ಎಂದು ತಿಳಿದರೆ ಮಕ್ಕಳ ಕಣ್ಣು ಅರಳುತ್ತದೆ. ಆದರೆ ಬೆನ್ನಿಗೆ ಚೀಲ ಹೊತ್ತು ಇಂಥ ಹೆದ್ದಾರಿಯ ಅಂಚಿನಲ್ಲಿ ಶಾಲೆಗೆ ನಡೆಯುವಾಗ ಆ ಕಣ್ಣು ಲಾರಿ, ಬಸ್ಸುಗಳ ಮೇಲೇ ಇರಬೇಕಾಗುತ್ತದೆ.

ಹೆದ್ದಾರಿಯೇ ಪೇಟೆಬೀದಿಯೂ ಆದ ಊರುಗಳ ಪಾಡೇ ಹೀಗೆ. ರಸ್ತೆಗೆ ವೇಗ ಬೇಕು, ಬೀದಿಗೆ ನಿಧಾನ ಬೇಕು. ಎರಡಕ್ಕೂ ರಾಜಿ ಮಾಡಿಸಬೇಕಾದದ್ದು ಕಾಲುಹಾದಿ, ಅಂದರೆ ಫುಟ್‌ಪಾತು. ನಮ್ಮ ಸಣ್ಣ ಊರುಗಳಲ್ಲಿ ಫುಟ್‌ಪಾತ್ ಎಂದರೆ ಹೆಚ್ಚಿನ ಕಡೆ ಚರಂಡಿಯ ಮೇಲೆ ಹಾಸಿದ ಚಪ್ಪಡಿ. ನಾಲ್ಕು ಚಪ್ಪಡಿಗೊಂದು ಮಾಯವಾಗಿರುತ್ತದೆ. ಉಳಿದ ಮೂರರ ಮೇಲೆ ಅಂಗಡಿಯ ಮೆಟ್ಟಿಲು, ನಿಲ್ಲಿಸಿದ ಸ್ಕೂಟರು, ವಿದ್ಯುತ್ ಕಂಬ, ಯಾರದೋ ಮನೆಗೆ ತಂದ ಮರಳಿನ ರಾಶಿ ನೆಲೆಸಿರುತ್ತವೆ. ನಡೆಯುವವರು ಪಾಪ, ವಾಹನಗಳ ದಾರಿಗೆ ಇಳಿಯುತ್ತಾರೆ.

ಕಾಲುಹಾದಿ ಹೇಗಿರಬೇಕೆಂದು ಯಾರೂ ಯೋಚಿಸಿಯೇ ಇಲ್ಲವೆಂದಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಪ್ರಕಾರ ಅಡೆತಡೆಯಿಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಬೇಕು. ಎರಡು ಗಾಲಿಕುರ್ಚಿಗಳು ಎದುರುಬದುರಾಗಿ ಸಾಗಲು ಬೇಕಾದ ಜಾಗ ಅಷ್ಟು. ಅಂಚುಗಲ್ಲಿನ ಎತ್ತರ 15 ಸೆಂಟಿಮೀಟರ್ ಮೀರಬಾರದು. ಮೀರಿದರೆ ಅಜ್ಜಿಯ ಮಂಡಿ ಒಪ್ಪುವುದಿಲ್ಲ, ಒಂದನೆಯ ತರಗತಿಯ ಮಗುವಿನ ಕಾಲು ಎಟುಕುವುದಿಲ್ಲ.

ಜಾಗ ತೆರವು ಮಾಡಿಸಿ ಎಂದರೆ ಮೊದಲು ಬೈಸಿಕೊಳ್ಳುವವನು ತಳ್ಳುಗಾಡಿಯವನು. ಅವನಿಗೂ ಕಾನೂನಿನ ಆಸರೆ ಇದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ವ್ಯಾಪಾರಿಗಳ ಸಮೀಕ್ಷೆ ನಡೆಸಿ, ಪ್ರಮಾಣಪತ್ರ ಕೊಟ್ಟು, ವ್ಯಾಪಾರಕ್ಕೆ ಸ್ಥಳ ಗುರುತಿಸಬೇಕು. ಅಷ್ಟು ಮಾಡಿದರೆ ಸೊಪ್ಪಿನ ಗಾಡಿಯೂ ಶಾಲೆಯ ಮಗುವೂ ಒಂದೇ ಬೀದಿಯಲ್ಲಿ ಇರಬಹುದು. ಸ್ಕೂಟರನ್ನು ಚಪ್ಪಡಿಯ ಮೇಲೇರಿಸಿ, ಇಳಿಯದೆಯೇ ಕೊತ್ತಂಬರಿ ಕೊಳ್ಳುವ ತಂದೆತಾಯಿಗಳಿಗೆ ಬುದ್ಧಿ ಹೇಳುವ ಕಾಯ್ದೆಯನ್ನು ಮಾತ್ರ ಮಕ್ಕಳೇ ಮನೆಯಲ್ಲಿ ಜಾರಿಗೆ ತರಬೇಕು.

ಇದು ಬರೀ ನಗುವಿನ ಮಾತಲ್ಲ. ಕೇಂದ್ರ ಸರ್ಕಾರದ ವರದಿಯಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 32,825 ಮಂದಿ ಪಾದಚಾರಿಗಳು. ಸುಮಾರು ಐವರಲ್ಲಿ ಒಬ್ಬರು!

ಇನ್ನು ಫಲಕಗಳ ಕಥೆ. ರಸ್ತೆಗೂ ಒಂದು ಭಾಷೆ ಇದೆ, ಅದನ್ನು ಮಕ್ಕಳು ಒಂದೇ ಸಂಜೆಯಲ್ಲಿ ಕಲಿತುಬಿಡಬಹುದು. ಕೆಂಪು ಅಂಚಿನ ವೃತ್ತ ಆಜ್ಞೆ, ತ್ರಿಕೋನ ಎಚ್ಚರಿಕೆ, ನೀಲಿ ಆಯತ ಮಾಹಿತಿ. ಮೈಲಿಗಲ್ಲಿನ ತಲೆ ಹಳದಿಯಾದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ. ತರೀಕೆರೆಯಿಂದ ಕೆಮ್ಮಣ್ಣುಗುಂಡಿಗೆ, ಕಲ್ಲತ್ತಿಗಿರಿಗೆ ಹೊರಟ ಪರಸ್ಥಳದವರಿಗೆ ಈ ಫಲಕಗಳೇ ಬಂಧುಬಳಗ. ಆದರೆ ಎಷ್ಟೋ ಊರುಗಳಲ್ಲಿ ‘ಮುಂದೆ ಶಾಲೆ ಇದೆ’ ಎನ್ನುವ ತ್ರಿಕೋನದ ಮುಂದೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸು ಕೈಮುಗಿದು ನಿಂತಿರುತ್ತದೆ. ಚಾಲಕನಿಗೆ ಆ ಮಹನೀಯರ ನಗು ಕಾಣುತ್ತದೆ, ಶಾಲೆ ಕಾಣುವುದಿಲ್ಲ.

ಸರಿಪಡಿಸಬೇಕಾದವರು ಯಾರು? ರಾಷ್ಟ್ರೀಯ ಹೆದ್ದಾರಿಗೆ ಒಬ್ಬರು, ರಾಜ್ಯ ಹೆದ್ದಾರಿಗೆ ಲೋಕೋಪಯೋಗಿ ಇಲಾಖೆ, ಊರೊಳಗಿನ ಬೀದಿಗಳಿಗೆ ಕಡೂರು, ತರೀಕೆರೆಗಳಲ್ಲಿ ಪುರಸಭೆ, ಅಜ್ಜಂಪುರದಲ್ಲಿ ಪಟ್ಟಣ ಪಂಚಾಯಿತಿ. ಬೀದಿಯ ದೀಪ, ಸ್ವಚ್ಛತೆ, ದುರಸ್ತಿ, ಅಡೆತಡೆಗಳ ತೆರವು 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಲ್ಲೇ ಇವೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಂತೆ, ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಲೋಪದಿಂದ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಹೊಣೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಫುಟ್‌ಪಾತ್ ಬಳಸುವ ಪಾದಚಾರಿಯ ಹಕ್ಕು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನಲ್ಲೇ ಸೇರಿದೆ ಎಂದಿತು.

ಈ ಮೂರು ಊರುಗಳಲ್ಲಿ ಅಜ್ಜಂಪುರಕ್ಕೆ ಒಂದು ಅನುಕೂಲವಿದೆ. ಗ್ರಾಮ ಪಂಚಾಯಿತಿಯಾಗಿದ್ದ ಊರು ಈಚಿನ ವರ್ಷಗಳಲ್ಲಷ್ಟೇ ತಾಲ್ಲೂಕು ಕೇಂದ್ರವಾಗಿ, ಪಟ್ಟಣವಾಗಿ ಬೆಳೆಯುತ್ತಿದೆ. ಕಟ್ಟಿದ ಮೇಲೆ ಒಡೆಯುವುದಕ್ಕಿಂತ ಕಟ್ಟುವ ಮೊದಲೇ ಜಾಗ ಬಿಡುವುದು ಅಗ್ಗ, ಜಗಳವೂ ಕಡಿಮೆ. ಅಜ್ಜಂಪುರ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರದ ಊರು. ನಡಿಗೆಯ ಬಿರುಸಿಗೆ ಹೆಸರಾದ ಆ ದನಗಳಿಗಾಗಿ ಮೈಸೂರು ಅರಸರು ಕಾವಲುಗಳನ್ನೇ ಮೀಸಲಿಟ್ಟಿದ್ದರು. ಶಾಲೆಗೆ ನಡೆಯುವ ಮಗು ಕೇಳುತ್ತಿರುವುದು 1.8 ಮೀಟರ್ ಅಷ್ಟೇ.

ವಿದ್ಯಾರ್ಥಿಗಳು ಒಂದು ರಜಾದಿನ ಅಳತೆಪಟ್ಟಿ, ನೋಟುಬುಕ್ಕು ಹಿಡಿದು ಮನೆಯಿಂದ ಶಾಲೆಯವರೆಗೆ ನಡೆದು ನೋಡಲಿ. ಕಾಣೆಯಾದ ಚಪ್ಪಡಿ ಎಷ್ಟು, ಮರೆಯಾದ ಫಲಕ ಯಾವುದು, ರಸ್ತೆಗೆ ಇಳಿಯಬೇಕಾದ ಜಾಗ ಎಲ್ಲಿ ಎಂದು ಬೀದಿಯ ಹೆಸರಿನೊಂದಿಗೆ ಬರೆದುಕೊಳ್ಳಲಿ. ತಂದೆತಾಯಿಗಳು ಅದನ್ನು ಅರ್ಜಿಯಾಗಿ ಬರೆದು ಕೊಟ್ಟು ಸ್ವೀಕೃತಿ ಪಡೆಯಲಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಆಯವ್ಯಯಕ್ಕೆ ಮುನ್ನ ಸಾರ್ವಜನಿಕರ ಸಲಹೆ ಕೇಳುವ ಸಭೆಗೂ ಆ ಪಟ್ಟಿಯನ್ನು ಒಯ್ಯಬಹುದು. ‘ಫುಟ್‌ಪಾತ್ ಸರಿಯಿಲ್ಲ’ ಎಂಬ ಗೊಣಗಾಟಕ್ಕೆ ‘ನೋಡೋಣ’ ಎಂಬ ಉತ್ತರ ಸಾಕಾಗುತ್ತದೆ. ಇಂಥ ಬೀದಿಯಲ್ಲಿ, ಇಷ್ಟನೆಯ ಕಂಬದ ಪಕ್ಕ, ಇಷ್ಟು ಚಪ್ಪಡಿ ಇಲ್ಲ ಎಂದು ಬರೆದು ಕೊಟ್ಟರೆ ಅಲ್ಲಿಗೆ ಹೋಗಿ ನೋಡಲೇಬೇಕಾಗುತ್ತದೆ.